ಅಕ್ಕಿಗೆ ಹಚ್ಚಿದ ಅರಿಶಿನ

ನಮ್ಮ ಚಿಕ್ಕಮ್ಮನ ಕೈಗೆ ಸಿಕ್ಕಿಯೂ ಬೆಳ್ಳಗೆ ಉಳಿದ ಕಾಗದ ಇಡೀ ಕೋಣಂದೂರಿನಲ್ಲಿ ಒಂದೂ ಇಲ್ಲ. ಬೇಕಾದರೆ ಪಂಥ ಕಟ್ಟುತ್ತೇನೆ! ಹಳದಿ ಹೈಲೈಟರ್ ಪೆನ್ನು ಸದಾ ಅವಳ ಕೈಯಲ್ಲಿ. ಆದರೆ ಹೈಲೈಟ್ ಅನ್ನುವ ಮಾತು ಅವಳಿಗೆ ಆಗುವುದಿಲ್ಲ. "ಅರಿಶಿನ ಹಚ್ಚೋದು" ಅಂತಲೇ ಅನ್ನಬೇಕು. ಮೂವತ್ತು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಕಾಗುಣಿತ ತಿದ್ದಿಸಿ ರಿಟೈರ್ ಆದ ಟೀಚರ್ ಅವಳು.

ಯಾರದೇ ಮದುವೆ ಕರೆಯೋಲೆ ಬರಲಿ, ಅರಿಶಿನ ಹಚ್ಚುವುದು ಊಟದ ಸಮಯ ಬರೆದ ಸಾಲಿಗೆ ಮಾತ್ರ. ಗಂಡು ಯಾರು ಹೆಣ್ಣು ಯಾರು ಅನ್ನುವುದು ಅಲ್ಲಿಗೆ ಹೋದ ಮೇಲೆ ಹೇಗೂ ಗೊತ್ತಾಗುತ್ತದಂತೆ! ಕಾಗುಣಿತ ತಪ್ಪಿದ್ದರಂತೂ ಮುಗಿಯಿತು. ನನ್ನದೇ ಕರೆಯೋಲೆಯಲ್ಲಿ "ವಿವಾಹ" ಹೋಗಿ "ವಿವಹ" ಆಗಿತ್ತು. ಅದಕ್ಕೆ ಅರಿಶಿನ ಹಚ್ಚಿ ನನ್ನ ಕೈಗೇ ವಾಪಸ್ ಕೊಟ್ಟಳು. "ಮೊದ್ಲು ತಿದ್ದಿಸ್ಕೊಂಡು ಬಾ. ಮದ್ವೆ ಆಮೇಲೆ ಆಗು." ಸಾಗರದ ಪ್ರೆಸ್ಸಿಗೆ ಎರಡನೇ ಸಲ ಓಡಿದೆ, ಇನ್ನೇನು ಮಾಡಲಿ? ಚಿಕ್ಕಪ್ಪನ ಗೋಳು ಬೇರೆ. "ಪೇಪರ್ ನನ್ನ ಕೈಗೆ ಬರೋ ಹೊತ್ತಿಗೆ ಅದಕ್ಕೆ ಕಾಮಾಲೆ ಆಗಿರುತ್ತೆ ಮಾರಾಯ" ಅನ್ನುತ್ತಾನೆ.

ಮೊದಲ ಸಲ ಫೋನಿಗೆ ಪಿಡಿಎಫ್ ಬಂದಾಗ ಏನು ಮಾಡಿದಳು ಗೊತ್ತೇ? ಸೀದಾ ಸ್ಕ್ರೀನಿನ ಮೇಲೇ ಹಚ್ಚಿದಳು! ಪುಟ ಸರಿಸಿದರೆ ಅಕ್ಷರ ಮೇಲೆ ಹೋಯಿತು, ಅರಿಶಿನ ಅಲ್ಲೇ ನಿಂತಿತು. "ಎಂತ ಫೋನ್ ಕೊಡ್ಸಿದ್ಯಾ? ಬಣ್ಣನೇ ಹಿಡಿಯಲ್ಲ ಇದು!" ಎಂದು ನನಗೇ ಬೈಗುಳ.

ಈಚೆಗೆ ಅವಳ ಶಾಲೆಯವರು ಒಂದು ಸ್ಮರಣ ಸಂಚಿಕೆ ತಂದರು. ಮುನ್ನೂರು ಪುಟದ ಪಿಡಿಎಫ್. ಅದು ಬಂದದ್ದು ಚಿಕ್ಕಮ್ಮನ ಕಣ್ಣಿನ ಪೊರೆ ಆಪರೇಷನ್ ಆದ ವಾರದಲ್ಲೇ. ಓದುವ ಹಾಗಿಲ್ಲ, ಕಪ್ಪು ಕನ್ನಡಕ ಬೇರೆ. ನಾನು ಸಾಗರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ನನಗೆ ಫೋನ್ ಬಂತು.

"ನೀನು ಪ್ರೋಗ್ರಾಮ್ ಬರೀತೀಯಲ್ಲ, ಅದ್ರಿಂದ ಅರಿಶಿನ ಹಚ್ಚೋಕೆ ಬರುತ್ತಾ?"

"ಬರುತ್ತೆ ಚಿಕ್ಕಮ್ಮ. ಶಬ್ದ ಹೇಳಿದ್ರೆ ಸಾಕು, ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದೇ ಹಚ್ಚುತ್ತೆ."

"ಹಾಗಾದ್ರೆ ಅಕ್ಕ ಅಂತ ಹುಡುಕು."

ಅಕ್ಕ ಅಂದರೆ ಆ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದ್ದರೂ ಮಕ್ಕಳಿಂದ ಹೆಡ್‌ಮಾಸ್ಟರ್‌ವರೆಗೆ ಎಲ್ಲರಿಗೂ ಅವರು ಅಕ್ಕ. ಚಿಕ್ಕಮ್ಮ ಅವರ ಬಗ್ಗೆ ಒಂದು ಪುಟ ಬರೆದು ಸಂಚಿಕೆಗೆ ಕೊಟ್ಟಿದ್ದಳು. "ಪುಸ್ತಕದಲ್ಲಿ ನೀವಿದ್ದೀರಿ, ಭಾನುವಾರ ಬನ್ನಿ, ತೋರಿಸ್ತೀನಿ" ಎಂದು ಮಾತೂ ಕೊಟ್ಟುಬಿಟ್ಟಿದ್ದಳು. "ಅಕ್ಕಂಗೆ ಓದೋಕೆ ಬರಲ್ಲ ಕಣೋ. ಅರಿಶಿನ ಹಚ್ಚಿದ್ರೆ ತಾನು ಎಲ್ಲಿದೀನಿ ಅಂತ ಕಾಣುತ್ತಲ್ಲ" ಅಂದಳು.

ಹತ್ತು ಸಾಲಿನ ಪ್ರೋಗ್ರಾಮ್. ಪುಟ ತೆರೆ, ಶಬ್ದ ಹುಡುಕು, ಹಳದಿ ಬಳಿ, ಮುಂದಿನ ಪುಟಕ್ಕೆ ಹೋಗು. ಓಡಿಸಿದೆ. ಅಬ್ಬಬ್ಬಾ, ಎಲ್ಲಿ ನೋಡಿದರೂ ಹಳದಿ! ಒಂದಕ್ಷರವನ್ನೂ ಓದದೆ, ಹಳದಿಯಾದ ಪುಟಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡೆ. ಭಾನುವಾರ ಬೆಳಗ್ಗೆ ಸಾಗರದಲ್ಲೇ ಕಲರ್ ಪ್ರಿಂಟ್ ತೆಗೆಸಿ, ಬಸ್ಸು ಹತ್ತಿ, ಬೀಗುತ್ತಾ ಕೋಣಂದೂರಿಗೆ ಹೋದೆ.

ಚಿಕ್ಕಮ್ಮ ಕಪ್ಪು ಕನ್ನಡಕ ಹಣೆಗೇರಿಸಿ ಮೊದಲ ಹಾಳೆ ನೋಡಿದಳು. ಎರಡನೆಯದು ನೋಡಿದಳು.

"ಇದು ಅಕ್ಕ ಅಲ್ಲವೋ. ಅಕ್ಕಿ!"

ಹಾಳೆ ಇಸಿದುಕೊಂಡು ನೋಡಿದೆ, ಹೌದು. ಕಂಪ್ಯೂಟರಿಗೆ ಗುಡಿಸು ಅನ್ನುವುದು ಕೊನೆಗೆ ಅಂಟಿಸುವ ಬೇರೆಯೇ ಚಿಹ್ನೆ. "ಅಕ್ಕ"ಕ್ಕೆ ಗುಡಿಸು ಅಂಟಿಸಿದರೆ "ಅಕ್ಕಿ". ಹಾಗಾಗಿ ಪ್ರತಿ ಅಕ್ಕಿಯೊಳಗೂ ಅದಕ್ಕೆ ಅಕ್ಕ ಕಂಡಿದ್ದಾರೆ! ಅಕ್ಕಿ ಕೊಟ್ಟ ದಾನಿಗಳು, ಅಕ್ಕಿ ತಂದ ಲಾರಿ, ಅಕ್ಕಿ ಇಟ್ಟ ಕೋಣೆ, ಎಲ್ಲಕ್ಕೂ ಅರಿಶಿನ. ಅಕ್ಕ ಮಾತ್ರ ಎಲ್ಲೂ ಇಲ್ಲ. ಚಿಕ್ಕಮ್ಮನ ಫೋನಿನಲ್ಲಿದ್ದ ಪಿಡಿಎಫ್ ತೆರೆದು ಅವರ ಹಾಜರಿ ಹೆಸರನ್ನೂ ಹುಡುಕಿದೆ, ಇಲ್ಲ. ಚಿಕ್ಕಮ್ಮ ಬರೆದ ಪುಟವನ್ನೇ ಕೈಬಿಟ್ಟಿದ್ದರು. ಸಂಚಿಕೆಯವರಿಗೆ ಫೋನ್ ಮಾಡಿ ಕೇಳಿದರೆ, ಜಾಗ ಸಾಲಲಿಲ್ಲವಂತೆ.

"ಅಕ್ಕಿಗೆ ಅರಿಶಿನ ಹಚ್ಚಿದ್ರೆ ಅಕ್ಷತೆ ಆಯ್ತಲ್ಲ" ಎಂದು ಚಿಕ್ಕಪ್ಪ ನಗಲು ಹೋದ. ಚಿಕ್ಕಮ್ಮನ ಮುಖ ನೋಡಿ ಪೇಪರ್ ಎತ್ತಿಕೊಂಡ.

ಅಷ್ಟರಲ್ಲಿ ಅಕ್ಕ ಬಂದೇಬಿಟ್ಟರು. ಒಳ್ಳೆಯ ಸೀರೆ ಉಟ್ಟಿದ್ದರು. ಮೇಜಿನ ಮೇಲಿನ ಹಾಳೆ ನೋಡಿ ಬಾಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ಟೀಚರೇ, ಇಷ್ಟೆಲ್ಲ ನಾನೇನಾ?"

ಹೌದು ಅಂದುಬಿಡು ಚಿಕ್ಕಮ್ಮ, ಅವರಿಗೇನು ಓದಲು ಬರುತ್ತದಾ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

"ಇಲ್ಲ ಅಕ್ಕ. ಅದು ಅಕ್ಕಿ. ನಿಮ್ಮನ್ನ ಬಿಟ್ಟಿದಾರೆ."

ಅಕ್ಕ ನಕ್ಕರು. "ಇರ್ಲಿ ಬಿಡಿ ಟೀಚರೇ. ಆ ಅಕ್ಕಿ ಬೇಯ್ಸಿದ್ದು ನಾನೇ ಅಲ್ವಾ?"

ಚಿಕ್ಕಮ್ಮ ಎದ್ದು ಒಳಗಿಂದ ಬ್ಲೇಡು ತಂದಳು. ಒಂದು ಹಾಳೆ ಆರಿಸಿದಳು. "ಮಕ್ಕಳ ಊಟಕ್ಕೆ ಅಕ್ಕಿ ಇಲ್ಲದ ದಿನವೇ ಇರಲಿಲ್ಲ" ಎಂದಿತ್ತು. ಅಕ್ಕಿಯ ಗುಡಿಸನ್ನು ಮೆಲ್ಲಗೆ ಕೆರೆದು ತೆಗೆದು, ಪೆನ್ನಿನಿಂದ ತಲೆಕಟ್ಟು ಇಟ್ಟು, ಮೇಲೆ ಹೊಸದಾಗಿ ಅರಿಶಿನ ಹಚ್ಚಿದಳು. ಆಮೇಲೆ ಅಕ್ಕನ ಬೆರಳು ಹಿಡಿದು ಅದರ ಮೇಲಿಟ್ಟು, ಒಂದನೇ ಕ್ಲಾಸಿಗೆ ಓದುವ ಹಾಗೆ ಬಿಡಿಸಿ ಬಿಡಿಸಿ ಓದಿದಳು.

"ಮಕ್ಕಳ ಊಟಕ್ಕೆ ಅಕ್ಕ ಇಲ್ಲದ ದಿನವೇ ಇರಲಿಲ್ಲ."

ಅಕ್ಕ ಬೆರಳು ತೆಗೆಯಲೇ ಇಲ್ಲ. ಹೊರಡುವಾಗ, "ಇದೊಂದು ಹಾಳೆ ನಾನು ತಗೊಂಡ್ ಹೋಗ್ಲಾ?" ಎಂದು ಕೇಳಿ, ಮಡಚದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು.

ನಾನು ತಮಾಷೆಗೆ ಅಂದೆ, "ಏನೇ ಹೇಳು ಚಿಕ್ಕಮ್ಮ, ನೀನೂ ಕಾಗುಣಿತ ತಪ್ಪು ಮಾಡಿದ್ಯಲ್ಲ!"

ಅವಳು ಕಪ್ಪು ಕನ್ನಡಕ ಇಳಿಸಿಕೊಂಡಳು.

"ತಪ್ಪು ಅವ್ರದ್ದು ಕಣೋ. ನಾನು ತಿದ್ದಿದ್ದು."