ಕಿವಿಯ ಗೆರಟೆಗಳೂ ನನ್ನ ಕೆಂಪು ಕುರ್ಚಿಯೂ

ಹೆಡ್‌ಫೋನ್ ಬೇಕು ಅಂತ ನಮ್ಮ ಅಂಗಡಿಗೆ ಬಂದವರು ಬರೇ ಹೆಡ್‌ಫೋನ್ ತಕ್ಕೊಂಡು ಹೋದದ್ದನ್ನು ನಾನು ನೋಡಿಲ್ಲ. ಏನಾದರೊಂದು ಇಲ್ಲಿ ಬಿಟ್ಟೇ ಹೋಗುತ್ತಾರೆ. ಒಬ್ಬರು ಮರ್ಯಾದೆ ಬಿಟ್ಟು ಹೋದರು, ಇನ್ನೊಬ್ಬರು ಗಟ್ಟಿಯಾಗಲಿದ್ದ ಮದುವೆಯನ್ನೇ ಬಿಟ್ಟು ಹೋದರು. ಇಂಥದ್ದೆಲ್ಲ ನಾನು ಕೂತಲ್ಲೇ ಯಾಕೆ ಆಗುದು ಅಂತ ನನಗೆ ಗೊತ್ತಿಲ್ಲ. ನನ್ನ ಸೊಸೆಗೆ ಗೊತ್ತುಂಟಂತೆ.

ಅಂಗಡಿ ಪುತ್ತೂರಿನ ದರ್ಬೆಯಲ್ಲಿ, ಮುಖ್ಯರಸ್ತೆಯ ಬದಿಯಲ್ಲೇ. ಮಗನದ್ದು. ಮೊಬೈಲಿನ ಕವರು, ಚಾರ್ಜರು, ಮತ್ತೆ ಈ ಕಿವಿಯ ಸಾಮಾನು. ವಯರಿದ್ದದ್ದು, ವಯರಿಲ್ಲದ್ದು, ಕುತ್ತಿಗೆಗೆ ನೇತು ಹಾಕುವಂಥದ್ದು, ನೆಲಗಡಲೆಯ ಹಾಗೆ ಕಿವಿಯೊಳಗೆ ಹೋಗಿ ಕೂರುವಂಥದ್ದು, ಎರಡು ತೆಂಗಿನ ಗೆರಟೆ ಕವುಚಿ ಹಾಕಿದ ಹಾಗೆ ಇಡೀ ಕಿವಿ ಮುಚ್ಚುವಂಥದ್ದು. ನಾನು ಓದಿದ್ದು ಎರಡನೇ ಕ್ಲಾಸು. ಮೂರಕ್ಕೆ ಹೋಗುವ ಮೊದಲೇ ಮಡಿಲಿಗೆ ಬೀಡಿಯ ಗೆರಸೆ ಬಂತು. ನಲವತ್ತು ವರ್ಷ ಬೀಡಿ ಕಟ್ಟಿದೆ. ಬೀಡಿ ಕಟ್ಟಲಿಕ್ಕೆ ಕೈ ಬೇಕು, ಕಣ್ಣು ಬೇಕು. ಕಿವಿ ಬಾಯಿ ಎರಡೂ ಪುಕ್ಕಟೆ. ಅವಕ್ಕೂ ಒಂದು ಕೆಲಸ ಇರಲಿ ಅಂತ ಊರಿನ ಸುದ್ದಿ ನೋಡಿಕೊಂಡೆ. ಈಗ ಬೀಡಿ ಬಿಟ್ಟಿದ್ದೇನೆ, ಇನ್ನೊಂದನ್ನು ಬಿಟ್ಟಿಲ್ಲ.

ಅದಕ್ಕೆ ಬೇಕಾದ್ದು ಈ ಅಂಗಡಿಯ ಮೂಲೆಯಲ್ಲಿರುವ ಕೆಂಪು ಪ್ಲಾಸ್ಟಿಕ್ ಕುರ್ಚಿ. ಅಲ್ಲಿ ಕೂತರೆ ಬಸ್‌ಸ್ಟಾಪೂ ಕಾಣ್ತದೆ, ಬ್ಯೂಟಿ ಪಾರ್ಲರಿನ ಬಾಗಿಲೂ ಕಾಣ್ತದೆ, ಡಾಕ್ಟರ ಹತ್ತಿರ ಯಾರು ಮುಖ ಮುಚ್ಚಿಕೊಂಡು ಹೋಗ್ತಾರೆ ಅಂತಲೂ ಕಾಣ್ತದೆ. ಕಟ್ಟಿದ ಬೀಡಿ ಕೊಡಲಿಕ್ಕೆ ಬೀಡಿ ಬ್ರಾಂಚಿಗೆ ಹೋಗುತ್ತಿದ್ದ ಕಾಲದಿಂದ ಜೊತೆಗಿರುವ ನನ್ನ ಗೆಳತಿಯೊಬ್ಬಳು ದಿನಾ ನಾಲ್ಕು ಗಂಟೆಗೆ ಬರ್ತಾಳೆ. ಇಬ್ಬರೂ ಸೇರಿ ಊರನ್ನೊಮ್ಮೆ ಗುಡಿಸುದು. ಊರು ಮುಗಿದ ಮೇಲೆ ನನ್ನ ಸೊಸೆ.

ಸೊಸೆ ಅಲ್ಲೇ ಇರ್ತಾಳೆ, ಅಂಗಡಿಯ ಅರ್ಧ ಕೆಲಸ ಅವಳದ್ದೇ. ಗಿರಾಕಿ ಇಲ್ಲದ ಹೊತ್ತಿಗೆ ದೊಡ್ಡ ಗೆರಟೆಯ ಹೆಡ್‌ಫೋನ್ ಹಾಕಿ ತಲೆ ಅಲ್ಲಾಡಿಸುತ್ತ ಸಾಮಾನು ಜೋಡಿಸುದು. ಲೋಕ ಮುಳುಗಿದರೂ ಅವಳಿಗೆ ಕೇಳುದಿಲ್ಲ. ಹಾಗಾಗಿ ಅವಳ ವಿಷಯ ಮಾತಾಡಲಿಕ್ಕೆ ನಾವು ಹಿತ್ತಿಲಿಗೆ ಹೋಗಬೇಕಾಗಿಲ್ಲ. ಒಂದು ದಿನ ಅವಳ ಎದುರೇ ಗೆಳತಿಗೆ ಹೇಳಿದೆ, "ಇವಳ ಮೀನುಸಾರು ಅಂದರೆ ಬರೇ ಹುಣಸೆಹುಳಿಯ ನೀರು ಮಾರಾಯ್ತಿ. ಮೀನು ಅದರಲ್ಲಿ ಸ್ನಾನ ಮಾಡಿ ಹೋದದ್ದು ಮಾತ್ರ." ಮರುದಿನದ ಸಾರಿಗೆ ಹುಳಿಯೇ ಇಲ್ಲ. ದೇವರಿಗೆ ನನ್ನ ಮೇಲೆ ಕರುಣೆ ಬಂತು ಅಂತ ತಿಳಿದೆ.

ಹೀಗೆ ಸುಖವಾಗಿರುವಾಗ ಒಂದು ಸೋಮವಾರ ಸೊಸೆ ತೀರ್ಪು ಕೊಟ್ಟಳು. "ಅತ್ತೆ, ನಿಮ್ಮ ಬಾಯಿಯಿಂದಾಗಿ ಮೂರು ಗಿರಾಕಿಗಳು ಬರಿಗೈಯಲ್ಲಿ ಹೋದರೆ ಈ ಕುರ್ಚಿ ಮನೆಯ ಬಚ್ಚಲಿಗೆ. ಬಟ್ಟೆ ಇಡ್ಲಿಕ್ಕೆ ಒಂದು ಬೇಕಿತ್ತು." ನಾನು ಮಗನ ಮುಖ ನೋಡಿದೆ. ಅವನು ಮೊಬೈಲ್ ನೋಡಿದ. ಮೂವತ್ತೆಂಟು ವರ್ಷ ಸಾಕಿದ್ದು ಇದಕ್ಕೆ.

ಸಂಗೀತ ಬಲ್ಲವರದ್ದು

ಮೊದಲನೆಯವರು ಸುಳ್ಯದ ನಿವೃತ್ತ ಮಾಸ್ಟ್ರು. ಬಂದವರೇ ಅಂಗಡಿಯಲ್ಲಿ ಇದ್ದದ್ದರಲ್ಲಿ ಹೆಚ್ಚು ಕ್ರಯದ್ದು ಕೊಡಿ ಅಂದರು. "ನನಗೆ ಸಾಧಾರಣದ್ದು ಆಗುದಿಲ್ಲ. ನಾನು ಹಾಡು ಕೇಳುದಲ್ಲ, ಹಾಡಿನ ಒಳಗೆ ಹೋಗುದು. ತಂಬೂರಿಯ ನಾಲ್ಕು ತಂತಿಯೂ ನನಗೆ ಬೇರೆ ಬೇರೆ ಕೇಳಬೇಕು."

ಅವರ ಮನೆಯಲ್ಲಿ ಹೆಂಡತಿ ಹತ್ತು ಸಲ ಕೂಗಿದರೂ ಒಂದು ಸಲವೂ ಕೇಳುದಿಲ್ಲ ಅಂತ ನನಗೆ ವರ್ತಮಾನ ಇತ್ತು. ಸುಮ್ಮನಿದ್ದೆ. ಕುರ್ಚಿಯ ಭಯ.

ಮಗ ದೊಡ್ಡದೊಂದನ್ನು ಪೆಟ್ಟಿಗೆಯಿಂದ ತೆಗೆದುಕೊಟ್ಟು, ಮೊಬೈಲಿಗೆ ಅದನ್ನು ಜೋಡಿಸುತ್ತ ಏನೋ ಒತ್ತುತ್ತಿದ್ದ. ಮಾಸ್ಟ್ರು ಆಗಲೇ ತಲೆಗೆ ಏರಿಸಿ ಕಣ್ಣು ಮುಚ್ಚಿ ಆಯಿತು. ಬೆರಳು ತೊಡೆಯ ಮೇಲೆ ತಾಳ ಹಾಕಿತು. ತಲೆ ಅತ್ತ ಹೋಯಿತು, ಇತ್ತ ಬಂತು.

"ಆಹಾ. ನೋಡಿ, ಸ್ವರ ಕಿವಿಗೆ ರಾಚುದೇ ಇಲ್ಲ. ದೂರದಲ್ಲಿ ಎಲ್ಲಿಯೋ ಗರ್ಭಗುಡಿಯಲ್ಲಿ ಕೂತು ಹಾಡಿದ ಹಾಗೆ. ಒಳ್ಳೆಯ ಹೆಡ್‌ಫೋನಿನ ಗುಣವೇ ಅದು. ಹಾಡುವವ ಎಷ್ಟು ದೂರ ಕೂತಿದ್ದಾನೆ ಅಂತ ಅಳತೆ ಸಿಗಬೇಕು."

ಮಗ ಇನ್ನೂ ಒತ್ತುತ್ತಲೇ ಇದ್ದ. ನನಗೆ ತಡೆಯಲಿಲ್ಲ. "ಅಳತೆ ನಾನು ಹೇಳುತ್ತೇನೆ ಮಾಸ್ಟ್ರೆ. ರಸ್ತೆ ದಾಟಿದರೆ ಇಪ್ಪತ್ತು ಹೆಜ್ಜೆ. ಅದು ಎದುರಿನ ಟೈಲರನ ರೇಡಿಯೋ. ನಿಮ್ಮ ಕಿವಿಯಲ್ಲಿದ್ದದ್ದು ಇನ್ನೂ ಶುರುವೇ ಆಗಲಿಲ್ಲ."

ಮಾಸ್ಟ್ರು ಕಣ್ಣು ಬಿಟ್ಟರು, ಹೆಡ್‌ಫೋನ್ ಇಳಿಸಿದರು, ಬ್ಯಾಟರಿ ನೋಡಿಕೊಂಡು ಬರುತ್ತೇನೆ ಅಂತ ಹೋದರು. ಯಾರ ಬ್ಯಾಟರಿ ಅಂತ ಹೇಳಲಿಲ್ಲ. ಸೊಸೆ ನನಗೆ ಒಂದು ಬೆರಳು ತೋರಿಸಿದಳು.

ರೇಡಿಯೋ ಯಾವುದು ಅಂತ ಕೇಳಲಿಕ್ಕೆ ಅವರು ಟೈಲರನಲ್ಲಿಗೆ ಹೋದದ್ದನ್ನು ಮಾತ್ರ ನಾನು ಕುರ್ಚಿಯಿಂದಲೇ ನೋಡಿದೆ.

ಗೇಮಿನದ್ದು

ಎರಡನೆಯದಕ್ಕೆ ನನ್ನನ್ನು ದೂರಿದರೆ ದೇವರು ಮೆಚ್ಚ.

ಒಬ್ಬಳು ತಾಯಿ, ಮೂವತ್ತೊಂದು ವರ್ಷದ ಮಗನನ್ನು ಕರಕೊಂಡು ಬಂದಳು. ಆ ಹುಡುಗನಿಗೆ ಕಡಬದ ಕಡೆಯ ಒಂದು ಸಂಬಂಧ ಮಾತಾಡಿ ಆಗಿತ್ತು. ಮಾತಾಡಿದ್ದು ಬ್ರೋಕರನ ಮೂಲಕ, ಎರಡು ಮನೆಯವರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಬರುವ ಆದಿತ್ಯವಾರ ಹೆಣ್ಣು ನೋಡಲಿಕ್ಕೆ ಹೋಗುದು. "ಮಗ ಮನೆಯಲ್ಲೇ ಕೂತು ದೊಡ್ಡ ಕಂಪೆನಿಗೆ ಕೆಲಸ ಮಾಡುದು, ಕಿವಿಗೆ ಹಾಕಿಕೊಂಡು ಫಾರಿನಿನವರ ಹತ್ತಿರ ಮಾತು" ಅಂತ ತಾಯಿ ಊರಿಡೀ ಹೇಳಿದ್ದಳು. ಇದೆಲ್ಲ ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಬ್ರೋಕರನೂ ಮೊಬೈಲಿಗೆ ಕವರು ಹಾಕಿಸಬೇಕಲ್ಲ.

"ಆಫೀಸು ಕೆಲಸಕ್ಕೆ ಒಂದು ಹೆಡ್‌ಫೋನ್ ಬೇಕಿತ್ತು" ಅಂದಳು ತಾಯಿ.

ಆ ಹುಡುಗ ಕೆಂಪು ನೀಲಿ ದೀಪ ಉರಿಯುವ, ಬಾಯಿಯ ಹತ್ತಿರ ಕಡ್ಡಿ ಇರುವ ಒಂದನ್ನು ಎತ್ತಿದ. "ಹಿಂದಿನಿಂದ ಯಾರಾದರೂ ಬಂದರೆ ಹೆಜ್ಜೆ ಸದ್ದು ಯಾವ ಬದಿಯದ್ದು ಅಂತ ಇದರಲ್ಲಿ ಗೊತ್ತಾಗ್ತದಾ?"

ನಾನು ತಾಯಿಗೆ ಹೇಳಿದೆ, "ಎಂತ ಆಫೀಸು ಮಾರಾಯ್ತಿ ಅದು? ಹಿಂದಿನಿಂದ ಬಂದು ಹೊಡೆಯುವವರು ಉಂಟಾ?"

ಅಷ್ಟರಲ್ಲಿ ಹುಡುಗ ಅದನ್ನು ಹಾಕಿಕೊಂಡು ಮೊಬೈಲಿನಲ್ಲಿ ಆಟ ಶುರು ಮಾಡಿ ಆಗಿತ್ತು. ಕಿವಿ ಮುಚ್ಚಿದವರಿಗೆ ಬಾಯಿಯ ಅಂದಾಜು ಸಿಗುದಿಲ್ಲ, ಅದು ಎಲ್ಲಾ ನಮೂನೆಯ ಹೆಡ್‌ಫೋನಿಗೂ ಒಂದೇ. ಇಡೀ ದರ್ಬೆಗೆ ಕೇಳುವ ಹಾಗೆ ಕೂಗಿದ, "ಗುರೂ, ನೀನು ಮುಂದೆ ಹೋಗು, ಹಿಂದೆ ನಾನಿದ್ದೇನೆ, ಹೊಡಿ, ಹೊಡಿ."

ಸ್ಕ್ರೀನಿಗೆ ಗ್ಲಾಸು ಹಾಕಿಸಲಿಕ್ಕೆ ನಿಂತಿದ್ದ ಒಬ್ಬರು ತಿರುಗಿ ನೋಡಿದರು. ನನಗೆ ಅವರ ಗುರ್ತ ಇತ್ತು. ಗುರ್ತ ಇದ್ದ ಮೇಲೆ ಹೇಳದೆ ಇರುದು ಹೇಗೆ? "ಇವರು ಕಡಬದವರಲ್ವಾ? ನಿಮ್ಮ ಹುಡುಗಿಯ ಸೋದರಮಾವ" ಅಂತ ತಾಯಿಗೆ ಪರಿಚಯ ಮಾಡಿಸಿದೆ. ಪುಣ್ಯದ ಕೆಲಸ ಅಂತಲೇ ಮಾಡಿದ್ದು. ಅವಳ ಮುಖ ಸುಣ್ಣ ಬಳಿದ ಗೋಡೆಯ ಹಾಗಾಯಿತು.

ಸೋದರಮಾವ ಮಾತ್ರ ಕೆಲಸದ ವಿಷಯ ಕೇಳಲೇ ಇಲ್ಲ. ಹುಡುಗನ ಹತ್ತಿರ ಹೋಗಿ, ಅವನ ಕಿವಿಯಿಂದ ಒಂದು ಗೆರಟೆ ಎತ್ತಿ, ಕೇಳಿದರು, "ಈ ಸ್ವರ ನನಗೆ ಗೊತ್ತುಂಟು. ಕಳೆದ ಶುಕ್ರವಾರ ಇದೇ ಆಟದಲ್ಲಿ, ಸೇತುವೆಯ ಹತ್ತಿರ 'ಹಿಂದೆ ನಾನಿದ್ದೇನೆ' ಅಂತ ಹೇಳಿ, ನನ್ನನ್ನು ಒಬ್ಬನನ್ನೇ ಬಿಟ್ಟು ಓಡಿದವ ನೀನೇ ಅಲ್ವಾ?"

ಹುಡುಗ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಸ್ವರ ಇನ್ನೂ ಗಟ್ಟಿಯಾಗಿ ಗುರ್ತ ಸಿಗುತ್ತಿತ್ತು.

ಸಂಬಂಧ ಮುರಿಯಿತು. ಕೆಲಸ ಇಲ್ಲ ಅಂತ ಅಲ್ಲ. "ಸೇತುವೆಯಲ್ಲಿ ಜೊತೆಯವನನ್ನು ಬಿಟ್ಟು ಓಡುವವನಿಗೆ ನಮ್ಮ ಹುಡುಗಿಯನ್ನು ಕೊಡುದು ಹೇಗೆ?" ಅಂತ ಸೋದರಮಾವ ಬ್ರೋಕರನಿಗೆ ಹೇಳಿದರಂತೆ.

ಸೊಸೆ ಎರಡು ಬೆರಳು ತೋರಿಸಿದಳು.

ಪ್ರಯಾಣದ್ದು

ಇನ್ನು ಉಳಿದದ್ದು ಒಂದು. ನಾನು ಎರಡು ವಾರ ಎಲೆಅಡಿಕೆ ಬಾಯಿಗೆ ಹಾಕಿ ಕೂತೆ. ಬಾಯಿ ತುಂಬ ಇದ್ದರೆ ಮಾತು ಬರುದಿಲ್ಲ.

ಆಗ ಬಂದವರು ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗುವ ಒಬ್ಬ ವ್ಯಾಪಾರದವರು. ಎಂಟು ದಿನದ ಹಿಂದೆ ಮಗ ಅವರಿಗೆ ಒಂದು ವಿಶೇಷ ಹೆಡ್‌ಫೋನ್ ಕೊಟ್ಟಿದ್ದ. ಹೊರಗಿನ ಶಬ್ದ ಸಾಸಿವೆಯಷ್ಟೂ ಒಳಗೆ ಬರುದಿಲ್ಲ, ಬಸ್ಸಿನಲ್ಲಿ ಹಾಯಾಗಿ ನಿದ್ದೆ ಮಾಡಬಹುದು ಅಂತ. ಅದನ್ನೇ ಹಿಡಿದುಕೊಂಡು, ಮುಖ ಊದಿಸಿಕೊಂಡು ಬಂದಿದ್ದರು.

"ಎಂತ, ಹಾಳಾಯಿತಾ?" ಮಗ ಕೇಳಿದ.

"ಹಾಳಾದರೆ ಒಳ್ಳೆಯದಿತ್ತು."

ಆದದ್ದು ಇಷ್ಟು. ಬೆಳಗ್ಗಿನ ಬಸ್ಸಿನಲ್ಲಿ ಹೊರಟವರು ಘಾಟಿ ಹತ್ತುವ ಮೊದಲು ಗುಂಡ್ಯದಲ್ಲಿ ಚಾ ಕುಡಿಯಲಿಕ್ಕೆ ಇಳಿದರು. ಹೆಡ್‌ಫೋನ್ ಕಿವಿಯಲ್ಲೇ. ಚಾ ಕುಡಿದು ಬಂದು ಅದೇ ಬಣ್ಣದ ಬಸ್ಸು ಹತ್ತಿ, ಅದೇ ಕಿಟಕಿಯ ಬದಿಯಲ್ಲಿ ಕೂತು, ಕಣ್ಣು ಮುಚ್ಚಿದರು. ಆ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು "ಪುತ್ತೂರು, ಪುತ್ತೂರು" ಅಂತ ಗಂಟಲು ಹರಿಯುವಷ್ಟು ಕೂಗುತ್ತಿದ್ದ. ಸಾಮಾನು ವಿಶೇಷದ್ದಲ್ಲವಾ, ಒಂದಕ್ಷರ ಒಳಗೆ ಹೋಗಲಿಲ್ಲ. ಉಪ್ಪಿನಂಗಡಿ ಹತ್ತಿರ ಕಂಡಕ್ಟರ್ ಭುಜ ಹಿಡಿದು ಅಲ್ಲಾಡಿಸಿ ಟಿಕೇಟು ಕೇಳಿದ. ಇವರು ಕಿಟಕಿಯ ಹೊರಗೆ ನೋಡಿ, "ಸಕಲೇಶಪುರ ಬಂತಾ?" ಅಂತ ಕೇಳಿದರು. ಮಧ್ಯಾಹ್ನದ ಊಟಕ್ಕೆ ತಮ್ಮ ಮನೆಗೇ ಬಂದು ಮುಟ್ಟಿದರು. ಹೆಂಡತಿ ಅನ್ನ ಇಟ್ಟಿರಲಿಲ್ಲ.

"ಇಷ್ಟು ಒಳ್ಳೆಯದು ನನಗೆ ಬೇಡ, ಇದಕ್ಕಿಂತ ಕೆಟ್ಟದ್ದು ಕೊಡಿ" ಅಂದರು.

ಮಗ ತಲೆ ತುರಿಸಿಕೊಂಡ. ಕೆಟ್ಟದ್ದು ಕೊಡಿ ಅಂತ ಅವನಲ್ಲಿ ಯಾರೂ ಕೇಳಿದ್ದಿಲ್ಲ, ಕೇಳದೆಯೇ ಸಿಗುತ್ತಿತ್ತು. ನಾನು ಎಲೆಅಡಿಕೆ ಉಗಿದು ಬಂದು, ಮೂಲೆಯ ಡಬ್ಬಿಯಿಂದ ಒಂದು ವಯರಿನ ಸಾಮಾನು ತೆಗೆದೆ. ಅದರ ಒಂದು ಬದಿ ಸತ್ತು ಹೋಗಿತ್ತು. "ಇದು ತಕ್ಕೊಳ್ಳಿ ಅಣ್ಣ. ಜೀವ ಇರುವ ಕಿವಿಯಲ್ಲಿ ಹಾಡು, ಸತ್ತ ಕಿವಿಯಲ್ಲಿ ಕಂಡಕ್ಟರ್. ಎದ್ದು ಹೋಗುವಾಗ ವಯರು ಸೀಟಿಗೆ ಸಿಕ್ಕಿ ಎಳೀತದೆ, ಆಗ ಎಚ್ಚರವೂ ಆಗ್ತದೆ."

ತಕ್ಕೊಂಡು ಹೋದರು. ಮುಂದಿನ ವಾರ ನಗುತ್ತ ಬಂದರು. "ಅಂಥದ್ದೇ ಇನ್ನೊಂದು ಉಂಟಾ? ನಮ್ಮ ಭಾವನಿಗೂ ಬೇಕಂತೆ."

ಈ ಒಂದು ಪುಣ್ಯಕ್ಕೆ ಎರಡು ಬೆರಳಿನಲ್ಲಿ ಒಂದನ್ನು ಮಡಚು ಅಂತ ಸೊಸೆಯ ಹತ್ತಿರ ಕೇಳಿದೆ. ಅವಳು ಹೇಳಿದಳು, "ಅಂಗಡಿಯಲ್ಲಿರುವ ಒಳ್ಳೆಯ ಮಾಲಿನ ಒಂದೊಂದು ಕಿವಿ ನಾನೀಗ ಕೂತು ಕೆಡಿಸಬೇಕು. ಅದಕ್ಕೆ ನಿಮಗೆ ಬಹುಮಾನ ಬೇರೆಯಾ?"

ಮನೆಯಲ್ಲಿ ಕೇಳುವವರದ್ದು

ಇಚಿಲಂಪಾಡಿಯ ಕಡೆಯ ಒಬ್ಬಳು ಹೆಂಗಸು ಬಂದಳು. ಮದುವೆಯಾಗಿ ಒಂದು ವರ್ಷ ಆಗಿರಬಹುದು. ಮಗನ ಹತ್ತಿರ ಮೆಲ್ಲ ಕೇಳಿದಳು, "ಮನೆಯಲ್ಲಿ ಹಾಕಲಿಕ್ಕೆ ಒಂದು ಬೇಕಿತ್ತು. ಹಾಡು ಕೇಳದಿದ್ದರೂ ಅಡ್ಡಿಯಿಲ್ಲ. ಅತ್ತೆಯ ಸ್ವರ ಕೇಳಬಾರದು."

ಮಗ ಒಂದು ಬಾರಿ ನನ್ನನ್ನು ನೋಡಿ, ನಾಲ್ಕು ಪೆಟ್ಟಿಗೆ ತೆಗೆದಿಟ್ಟ. ಕಿವಿಯೊಳಗೆ ಹೋಗುವಂಥದ್ದು ಹಗುರ, ಆದರೆ ಒಗ್ಗರಣೆ ಹಾಕುವಾಗ ಬಾಣಲೆಗೆ ಬೀಳುವ ಭಯ. ಕುತ್ತಿಗೆಯದ್ದು ಬೀಳುದಿಲ್ಲ, ಆದರೆ ಅತ್ತೆಯ ಸ್ವರ ಸ್ವಲ್ಪ ಸ್ವಲ್ಪ ಬರ್ತದೆ. ದೊಡ್ಡ ಗೆರಟೆಯದ್ದು ಗಟ್ಟಿ, ಕ್ರಯ ಜಾಸ್ತಿ. ಅವಳು ಒಂದನ್ನು ಎತ್ತುದು, ಇನ್ನೊಂದನ್ನು ಇಡುದು.

ಅತ್ತೆಯಂದಿರ ಮಾನದ ಪ್ರಶ್ನೆ, ನಾನು ಸಿಟ್ಟು ಮಾಡಬೇಕಿತ್ತು. ಆದರೆ ವ್ಯಾಪಾರ ಆದರೆ ಕುರ್ಚಿ ಉಳಿಯುತ್ತದೆ ಅಂತ ಆಸೆ. ಸೊಸೆ ಆಚೆ ಮೂಲೆಯಲ್ಲಿ ಬೆನ್ನು ಹಾಕಿ, ಗೆರಟೆ ಹಾಕಿ, ಸಾಮಾನು ಜೋಡಿಸುತ್ತಿದ್ದಳು. ನಾನು ಧೈರ್ಯದಲ್ಲಿ ಹೇಳಿದೆ, "ಮಗಳೇ, ಕಣ್ಣು ಮುಚ್ಚಿ ದೊಡ್ಡದನ್ನೇ ತಕ್ಕೊ. ನಮ್ಮ ಸೊಸೆಯ ತಲೆಯಲ್ಲಿ ಇರುದು ನೋಡು, ಅದೇ ಜಾತಿ. ಅವಳ ಅಡಿಗೆ, ಅವಳ ತವರುಮನೆ, ಅವಳ ನಡಿಗೆ, ಎಲ್ಲದರ ವಿಷಯ ದಿನಾ ಅವಳ ಎದುರೇ ಮಾತಾಡುತ್ತೇನೆ. ಒಂದಕ್ಷರ ಒಳಗೆ ಹೋಗುದಿಲ್ಲ. ಪಾಪ, ತಲೆ ಅಲ್ಲಾಡಿಸಿಕೊಂಡು ನಗ್ತಾ ಇರ್ತಾಳೆ."

ಸೊಸೆ ತಿರುಗಿದಳು. ಹೆಡ್‌ಫೋನನ್ನು ಮೆಲ್ಲ ಕುತ್ತಿಗೆಗೆ ಇಳಿಸಿದಳು.

"ಅತ್ತೆ, ಇದು ಹಾಳಾಗಿ ಎಂಟು ತಿಂಗಳಾಯಿತು."

ಎಂಟು ತಿಂಗಳು. ನನ್ನ ಕಣ್ಣಮುಂದೆ ಮೊದಲು ಬಂದದ್ದು ಹುಳಿಯಿಲ್ಲದ ಮೀನುಸಾರು. ದೇವರದ್ದೇನೂ ಕೈ ಇರಲಿಲ್ಲ ಅದರಲ್ಲಿ.

ಇಚಿಲಂಪಾಡಿಯವಳು ನನ್ನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಕೈಯಲ್ಲಿದ್ದ ದೊಡ್ಡ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟಳು. "ಹಾಗಾದರೆ ಹೊಸದು ಎಂತಕ್ಕೆ ಅಕ್ಕ? ಕೇಳದವಳ ಹಾಗೆ ಕೂರಲಿಕ್ಕೆ ಹಾಳಾದದ್ದು ನಮ್ಮ ಮನೆಯಲ್ಲೇ ಒಂದು ಉಂಟು" ಅಂತ ಹೇಳಿ, ಬಂದದ್ದಕ್ಕಿಂತ ಹಗುರವಾಗಿ ನಡೆದಳು.

ಮೂರನೆಯ ಗಿರಾಕಿ, ಬರಿಗೈ. ಸೊಸೆ ಮೂರನೇ ಬೆರಳು ಎತ್ತಲಿಕ್ಕೆ ಹೊರಟಳು. ನಾನು ಹೇಳಿದೆ, "ನಿಲ್ಲು ಮಾರಾಯ್ತಿ. ನಾನು ದೊಡ್ಡದು ತಕ್ಕೊ ಅಂದವಳು. ಬೇಡ ಅಂತ ಕಳಿಸಿದ ಬಾಯಿ ಯಾರದ್ದು?"

ಬೆರಳು ಅರ್ಧದಲ್ಲೇ ನಿಂತಿತು. ಮಗ ಮೊಬೈಲಿನ ಹಿಂದೆ ಅಡಗಿ ನಗುತ್ತಿದ್ದ, ಮೊಬೈಲ್ ನಡುಗುತ್ತಿತ್ತು. ಸೊಸೆ ಹತ್ತಿರ ಬಂದಳು. ಆ ಹಾಳಾದ ಹೆಡ್‌ಫೋನನ್ನು ನನ್ನ ತಲೆಗೆ ಏರಿಸಿ, ಎರಡು ಗೆರಟೆಯನ್ನೂ ಸರಿಯಾಗಿ ಕಿವಿಗೆ ಕೂರಿಸಿದಳು. "ಕುರ್ಚಿ ಇಲ್ಲೇ ಇರಲಿ. ಆದರೆ ಅಂಗಡಿಯಲ್ಲಿ ಇರುವಷ್ಟು ಹೊತ್ತು ಇದು ತಲೆಯಲ್ಲಿ, ಬಾಯಿ ಬಂದ್. ಗಿರಾಕಿಗಳಿಗೆ ಅಜ್ಜಿ ಭಜನೆ ಕೇಳುತ್ತಿದ್ದಾರೆ ಅಂತ ಹೇಳುತ್ತೇನೆ."

ಕುರ್ಚಿಗೋಸ್ಕರ ಒಪ್ಪಿದೆ. ಬಾಯಿ ಕಟ್ಟಿದ ಮೇಲೆ ಬದುಕಿ ಎಂತ ಪ್ರಯೋಜನ ಅಂತ ಬೇಸರದಲ್ಲೇ ಕೂತಿದ್ದೆ. ನಾಲ್ಕು ಗಂಟೆಗೆ ಗೆಳತಿ ಬಂದಳು.

"ಇವಳಿಗೆಂತ ಆಯಿತು?" ಅಂತ ಸೊಸೆಯ ಹತ್ತಿರ ಕೇಳಿದಳು.

"ಭಜನೆ. ಏನೂ ಕೇಳುದಿಲ್ಲ ಅವರಿಗೆ" ಅಂದಳು ಸೊಸೆ, ಮುಖದಲ್ಲಿ ಒಂದು ಗೆರೆ ಅಲ್ಲಾಡದೆ.

ಗೆಳತಿ ನನ್ನ ಮುಖದ ಎದುರು ಒಮ್ಮೆ ಕೈ ಆಡಿಸಿ ನೋಡಿದಳು. ನಾನು ಸೊಸೆ ಮಾಡುವ ಹಾಗೆಯೇ ತಲೆ ಅಲ್ಲಾಡಿಸಿ ನಕ್ಕೆ. ಗೆಳತಿ ಸ್ಟೂಲು ಎಳೆದು ಸೊಸೆಯ ಹತ್ತಿರ ಕೂತು, ಸ್ವರ ಸಣ್ಣ ಮಾಡುವ ತೊಂದರೆಯನ್ನೂ ತಕ್ಕೊಳ್ಳದೆ, ಶುರು ಮಾಡಿದಳು. "ನಿನ್ನ ಅತ್ತೆಯ ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಬೀಡಿ ಬ್ರಾಂಚಿನಲ್ಲಿರುವಾಗ ಇವಳು..."

ಒಂದು ಗಂಟೆ ಹೇಳಿದಳು. ಸೊಸೆ ಚಾ ತರಿಸಿ ಕೊಟ್ಟಳು. ನಾನು ಇಲ್ಲದ ಭಜನೆಗೆ ಕೈಯಲ್ಲಿ ತಾಳ ಹಾಕುತ್ತ ಕೂತಿದ್ದೆ.

ಹೇಳಿದ್ದರಲ್ಲಿ ಅರ್ಧ ಶುದ್ಧ ಸುಳ್ಳು. ಉಳಿದ ಅರ್ಧ ಗೆಳತಿಗೆ ಹೇಳಿದ್ದು ಯಾರು ಅಂತ ಗೊತ್ತಾಗುವ ತನಕ ನಾನು ಈ ಗೆರಟೆಯನ್ನು ಕಿವಿಯಿಂದ ಇಳಿಸುದಿಲ್ಲ.