ದೊಡ್ಡಪ್ಪ ನೆಟ್ಟಗೆ ಮಾಡಿದ ಪಟ್ಟಿಗಳು

ಸೊಟ್ಟಗಿರುವುದನ್ನು ಕಂಡರೆ ಕೆಲವರಿಗೆ ಸುಮ್ಮನಿರಲಾಗುವುದಿಲ್ಲ. ಮಗ್ಗೆ ಊರಿನ ನಮ್ಮ ದೊಡ್ಡಪ್ಪ ಅಂಥವರು. ಹಳೇ ಹಲಗೆಗಳಿಂದ ಕಿತ್ತ ಮೊಳೆಗಳನ್ನು ಜಗಲಿಯ ಕಲ್ಲಿನ ಮೇಲಿಟ್ಟು, ತಟ್ಟಿ ನೆಟ್ಟಗೆ ಮಾಡಿ, ಡಬ್ಬಿಗೆ ತುಂಬುತ್ತಾರೆ. ನಾನಾದರೋ ಸೊಟ್ಟಗೆ ಮಾಡುವುದನ್ನೇ ಓದುತ್ತಿರುವವಳು. ಅಲ್ಯೂಮಿನಿಯಂಗೆ ಪಿಂಗಾಣಿಯಂಥ ಗಟ್ಟಿ ಪುಡಿ ಬೆರೆಸಿ ಎರಕ ಹೊಯ್ದರೆ, ಆರುವಾಗ ಲೋಹ ಹೆಚ್ಚು ಕುಗ್ಗುತ್ತದೆ, ಪುಡಿ ಅಷ್ಟು ಕುಗ್ಗುವುದಿಲ್ಲ. ಆ ಎಳೆದಾಟ ಒಳಗೇ ಉಳಿದುಬಿಡುತ್ತದೆ. ಕೂಡುಕುಟುಂಬದ ಹಾಗೆ, ಹೊರಗೆ ಏನೂ ಕಾಣದು. ಅದರ ಮೈಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ರಭಸವಾಗಿ ಎರಚಿದರೆ ಮೇಲ್ಪದರ ಅಗಲವಾಗಲು ನೋಡುತ್ತದೆ, ಒಳಗಿನದು ಬಿಡುವುದಿಲ್ಲ. ಹೀಗೆ ಬಿಗಿದುಕೊಂಡ ಮೈಯಲ್ಲಿ ಬಿರುಕು ಸುಲಭವಾಗಿ ಬಾಯಿ ಬಿಡದು. ತೆಳುಪಟ್ಟಿಯ ಒಂದೇ ಮಗ್ಗುಲಿಗೆ ಎರಚಿದರೆ ಪಟ್ಟಿ ಬಾಗುತ್ತದೆ. ಆ ಬಾಗನ್ನು ಅಳೆದರೆ ಒಳಗಿನ ಬಿಗಿತದ ಲೆಕ್ಕ ಸಿಗುತ್ತದೆ.

ಶನಿವಾರ ಹಾಸನದ ಕಾಲೇಜಿನಲ್ಲಿ ಪಟ್ಟಿಗಳಿಗೆ ಗುಂಡು ಎರಚಿಸಿದೆ. ಸೋಮವಾರ ನನ್ನ ಸಂಶೋಧನೆಯ ಗೈಡ್‌ಗೆ ಬಾಗಿನ ಅಳತೆ ತೋರಿಸದಿದ್ದರೆ ಈ ವರ್ಷದ ವರದಿ ಹೋಗುವುದಿಲ್ಲ. ಅಲ್ಲೇ ಬಿಟ್ಟರೆ ಯಾರಾದರೂ ಮುಟ್ಟಿಯಾರೆಂದು ದೊಡ್ಡಪ್ಪನ ಮನೆಗೇ ತಂದೆ. ಭಾನುವಾರ ದೊಡ್ಡಮ್ಮನ ಜೊತೆ ಆಲೂರಿಗೆ ಹೋಗಿ ಬರುವಷ್ಟರಲ್ಲಿ ಪಟ್ಟಿಗಳು ಜಗಲಿಯ ಮೇಲೆ ಸಾಲಾಗಿ, ಅಡಿಪಟ್ಟಿ ಹಿಡಿದ ಹಾಗೆ ನೆಟ್ಟಗೆ ಮಲಗಿದ್ದವು. ಪಕ್ಕದಲ್ಲಿ ಸುತ್ತಿಗೆ.

"ಬಸ್ಸಲ್ಲಿ ಯಾರೋ ಅದ್ರ ಮೇಲೆ ಕೂತ್ಬುಟ್ಟವ್ರೆ ಕಣವ್ವ, ಎಲ್ಲಾ ಸೊಟ್ಟಾಗ್ಬುಟ್ಟಿದ್ವು," ಎಂದರು ದೊಡ್ಡಪ್ಪ. ಊಟವನ್ನೂ ಮರೆತು ಕೂತಿದ್ದರಂತೆ. ನಾನು ವಿಷಯ ಬಿಡಿಸಿ ಹೇಳಿದೆ. ಅವರ ಮುಖ ಸಣ್ಣದಾಯಿತು. ದೊಡ್ಡಮ್ಮ, ಈ ಮನೇಲಿ ನಾಯಿ ಬಾಲ ಒಂದು ಹೆಂಗೋ ಉಳ್ಕಂಡೈತೆ ಎಂದು ಗೊಣಗುತ್ತಾ ಒಳಗೆ ಹೋದರು. ದೊಡ್ಡಪ್ಪ ಮತ್ತೆ ಸುತ್ತಿಗೆ ಎತ್ತಿಕೊಂಡು ಮೆಲ್ಲಗೆ ಕೇಳಿದರು:

"ಎಷ್ಟ್ ಬಗ್ಗಿತ್ತು ಹೇಳು ಮಗಾ. ಅಷ್ಟೇ ಬಗ್ಗಿಸ್ಕೊಡ್ತೀನಿ."

ಅದು ಗೊತ್ತಿದ್ದಿದ್ದರೆ ಬಗ್ಗಿಸುವ ಅಗತ್ಯವೇ ಇರಲಿಲ್ಲ. ಆದರೂ ಒಂದು ಗಳಿಗೆ, ಅವರ ಕೈಯಳತೆಯನ್ನು ನಂಬಬಹುದೇ ಎಂದು ನಿಜವಾಗಿಯೂ ಯೋಚಿಸಿದೆ. ಬೇಡ ಎಂದೆ.

ಸೋಮವಾರ ಗೈಡ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ. ವರದಿ ಮುಂದಿನ ವರ್ಷಕ್ಕೆ ಹೋಯಿತು. ಶನಿವಾರವೇ ಅಳೆಯಬಹುದಿತ್ತಲ್ಲ, ಮಾಪಕ ಮೇಜಿನ ಮೇಲೇ ಇತ್ತಲ್ಲ ಎಂದರು. ಅಳತೆಗೆ ನಾನು ಸೋಮವಾರವೆಂದು ಗೊತ್ತುಮಾಡಿಕೊಂಡಿದ್ದೆ ಎಂದು ದಿನಚರಿ ತೆಗೆದು ತೋರಿಸಿದೆ. ಪ್ರತಿ ಪಟ್ಟಿಯ ದಪ್ಪ, ತೂಕ, ತಾರೀಕು, ನಾನು ಹತ್ತಿದ ಬಸ್ಸಿನ ಹೊತ್ತು, ಎಲ್ಲವೂ ಇತ್ತು. 'ಬಾಗು' ಎಂಬ ಅಂಕಣ ಖಾಲಿ. ಅದರ ಗೆರೆಗಳನ್ನು ಮಾತ್ರ ನಾನು ಬಹಳ ನೆಟ್ಟಗೆ ಎಳೆದಿದ್ದೆ.