ಸೀಸದ ಡಬ್ಬಿಯೂ ನನ್ನ ಕಾಳಜಿಯೂ

ಬಂದವರಿಗೆ ಕುರ್ಚಿ ಹಾಕುವುದರಲ್ಲಿ ಇಡೀ ರಾಯಚೂರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಏಳನೇ ತರಗತಿಗೇ ಶಾಲೆ ಬಿಟ್ಟ ನನಗೆ ಆಸ್ಪತ್ರೆಯಲ್ಲಿ ಅಟೆಂಡರ್ ಕೆಲಸ ಕೊಡಿಸಿದವಳು ತಂಗಿ ಸುಜಾತಾ. ಅವಳು ಅಲ್ಲೇ ಸ್ಕ್ಯಾನಿಂಗ್ ವಿಭಾಗದಲ್ಲಿದ್ದಾಳೆ. ವಿಕಿರಣದ ಔಷಧಿ ತಾಗಿದ ಸಿರಿಂಜು, ಹತ್ತಿಗಳನ್ನು ಗಾಲಿಯಿರುವ ಸೀಸದ ಡಬ್ಬಿಯಲ್ಲಿಟ್ಟು, ವಿಕಿರಣ ಇಳಿಯಿತೇ ಎಂದು ಮೀಟರ್ ಹಿಡಿದು ಅಳೆದ ಮೇಲೆಯೇ ಹೊರಗೆ ಕಳಿಸುತ್ತಾಳೆ.

ಅಂದು ಅವಳ ಅಳತೆ ಪರೀಕ್ಷಿಸಲು ಸಾಹೇಬರು ಬಂದಿದ್ದರು. ಅವರು ಒಪ್ಪಿದರೆ ಅವಳ ನೌಕರಿ ಕಾಯಂ.

ಅಂದೇ ಮಾನ್ವಿ ಊರಿನ ನಮ್ಮ ಸೋದರತ್ತೆಯೂ ಎಲುಬಿನ ಸ್ಕ್ಯಾನಿಗೆ ಬಂದಿದ್ದಳು. ಇಂಜೆಕ್ಷನ್ ಕೊಟ್ಟು ಬೇರೆ ಕೋಣೆಯಲ್ಲಿ ಕೂಡಿಸಿದ್ದರು. ಸ್ಕ್ಯಾನ್ ಆಗುವವರೆಗೆ ಹೊರಬರಬಾರದೆಂದು ಬಾಗಿಲ ಮೇಲೇ ಬರೆದಿತ್ತು.

"ಲೇ ಬಸ್ಯಾ, ಮನಿ ಮಂದೀನ ಹಿಂಗ ಒಬ್ಬಾಕಿನ್ನ ಕೂಡಿಸ್ತಾರೇನು? ಬೆಂದು ಹೋಗಾಕತ್ತೀನಿ!" ಎಂದು ಅತ್ತೆ ಒಳಗಿನಿಂದ ಕೂಗಿದಳು.

ನನ್ನ ಕರುಳು ಚುರ್ ಎಂದಿತು. ಡಬ್ಬಿಗಳ ಕೋಣೆಯ ಹಿಂದೆ, ಕಿಟಕಿಯ ಕೆಳಗೆ ಒಳ್ಳೆಯ ನೆರಳಿತ್ತು. ಅಲ್ಲಿ ಕುರ್ಚಿ ಹಾಕಿ ಅತ್ತೆಯನ್ನು ಕೂಡಿಸಿಯೇ ಬಿಟ್ಟೆ!

ಒಳಗೆ ಮೀಟರ್ ಕೂಗತೊಡಗಿತು.

ಸುಜಾತಾ ಡಬ್ಬಿ ತಿರುಗಿಸಿ ಅಳೆದಳು. ಕೂಗು ನಿಲ್ಲಲಿಲ್ಲ. ಸಾಹೇಬರು ಕನ್ನಡಕ ಒರೆಸಿಕೊಂಡರು. ನನಗೋ ಅತ್ತೆಯ ಚಿಂತೆ. ಡಬ್ಬಿ ಸೋರುತ್ತಿದೆ, ಅತ್ತೆ ಕಿಟಕಿಯ ಕೆಳಗೇ ಇದ್ದಾಳೆ! ಓಡಿಹೋಗಿ ಅವಳನ್ನು ಹಿತ್ತಲಿನ ತಗಡಿನ ಶೆಡ್ಡಿನ ಹಿಂದೆ ಕೂಡಿಸಿ ಬಂದೆ. ಅಷ್ಟರಲ್ಲಿ ಸುಜಾತಾ ಮೀಟರ್ ಆರಿಸಿದ್ದಳು.

"ಅಣ್ಣಾ, ಇಲ್ಲಿ ಬ್ಯಾರೆ ಡಬ್ಬಿನೂ ಅದಾವ. ಇದೊಂದನ್ನ ಶೆಡ್ಡಿಗೆ ತಳ್ಳು, ಅಲ್ಲಿ ಬ್ಯಾರೆ ಇಟ್ಟು ಅಳೀತೀನಿ" ಎಂದಳು ಸುಜಾತಾ.

ಅತ್ತೆ ಶೆಡ್ಡಿನ ಹಿಂದೆಯೇ ಇದ್ದಾಳೆಂದು ಸಾಹೇಬರ ಮುಂದೆ ಹೇಗೆ ಹೇಳುವುದು? ತೆಪ್ಪಗೆ ತಳ್ಳಿದೆ. ಶೆಡ್ಡಿನಲ್ಲಿ ಮೀಟರ್ ಇನ್ನೂ ಜೋರಾಗಿ ಕೂಗಿತು!

"ಡಬ್ಬಿ ಹೊರಗ ಒಯ್ಯಿ. ಬರೇ ಜಾಗ ಅಳೀತೀನಿ."

ಒಯ್ದೆ. ಖಾಲಿ ಶೆಡ್ಡೂ ಕೂಗಿತು. ಅವಳು ಮೀಟರ್ ಹಿಡಿದು ಕೂಗಿನ ಬೆನ್ನು ಹತ್ತಿದಳು. ಸಾಹೇಬರು ಅವಳ ಬೆನ್ನು ಹತ್ತಿದರು. ಶೆಡ್ಡಿನ ಹಿಂದೆ ಅತ್ತೆ ಮಂಡಾಳು ತಿನ್ನುತ್ತಿದ್ದಳು.

"ಇದ್ಯಾಕವ್ವಾ ನನ್ನ ನೋಡಿ ಹಿಂಗ ಒದರ್ತದ?"

"ಅತ್ತೀ! ನೀ ಇಲ್ಲಿ ಹೆಂಗ ಬಂದಿ?"

ನಾನು ಡಬ್ಬಿಯ ಹಿಂದೆ ಕುಕ್ಕರಿಸಿದೆ.

"ನಿಮ್ಮಣ್ಣ ಕರಕೊಂಡು ಬಂದ. ಎರಡೆರಡು ಸಲ ಜಾಗ ಬದಲಿಸಿದ. ಭಾಳ ಕಾಳಜಿ ಅವಗ!"

ಇಂಜೆಕ್ಷನ್ನಿನ ವಿಕಿರಣ ಅತ್ತೆಯ ಮೈಯಲ್ಲಿತ್ತು. ಡಬ್ಬಿಯಿಂದ ಅತ್ತೆಯನ್ನು ಉಳಿಸುತ್ತಿದ್ದೇನೆಂದು ಬೀಗಿದ್ದೆ. ಉಳಿಸಬೇಕಾಗಿದ್ದದ್ದು ಡಬ್ಬಿಯನ್ನು!

ಅತ್ತೆ ತನ್ನ ಕೋಣೆ ಸೇರಿದ ಮೇಲೆ ಡಬ್ಬಿ ಅಳೆದರೆ, ಮೀಟರ್ ಗಪ್‌ಚಿಪ್.

"ಖಾಲಿ ಜಾಗಾನೂ ಅಳೆದು ನೋಡಿದ್ರಲ್ಲ, ಅದು ಖರೇ ಅಳತಿ. ನಾ ಒಪ್ಪೀನಿ" ಎಂದ ಸಾಹೇಬರು ನನ್ನತ್ತ ತಿರುಗಿದರು. "ಆದ್ರ ಇವರನ್ನ ಎಲ್ಲಿ ಇಡ್ತೀರಿ?"

ಜಾಗವನ್ನು ಸುಜಾತಾ ಅಂದೇ ಹುಡುಕಿದಳು. ಈಗ ಪ್ರತಿ ಅಳತೆಗೂ ಮೊದಲು ನನ್ನನ್ನು ಗೇಟಿನಾಚೆ ಕೂಡಿಸುತ್ತಾಳೆ. ಕುರ್ಚಿ ನಾನೇ ಒಯ್ಯಬೇಕು.